ಕೆ, ಜಿ, ಎಫ್ ಮತ್ತು ಉಳಿದ ಎಂಟು ಮಂದಿ

ಕೆಜಿಎಫ್ ಅಂದ್ರೆ ಏನು ಅಂತ ನಮ್ಮ ಹಾಸ್ಟೆಲಿನಲ್ಲಿ ಕೇಳಿದ್ರೆ ಮೂರು ಥರದ ಉತ್ತರ ಬರ್ತಾವ. ಭೂಗೋಳ ನೆನಪಿರೋರು ಕೋಲಾರದ ಚಿನ್ನದ ಗಣಿ ಅಂತಾರೆ. ಸಿನಿಮಾದವರು ಯಶ್ ಹೆಸರು ಹೇಳ್ತಾರೆ. ಕ್ರಿಕೆಟ್ ಹುಚ್ಚು ಹತ್ತಿದವರು ಮಾತ್ರ ಒಂದೊಂದೇ ಬೆರಳು ಮಡಚಿ "ಕೊಹ್ಲಿ, ಗ್ಲೆನ್, ಫಾಫ್" ಅಂತ ಎಣಿಸ್ತಾರೆ. ಈ ಲೇಖನ ಆ ಮೂರನೇ ಉತ್ತರದ ಬಗ್ಗೆ.

ಒಂದು ತಂಡದ ಮುಖ್ಯ ಹೊಡೆತಗಾರರಿಗೆಲ್ಲ ಸೇರಿಸಿ ಒಂದೇ ಅಡ್ಡಹೆಸರು ಇಡೋದು ಹೊಸದಲ್ಲ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಇದು ನೂರು ವರ್ಷಕ್ಕೂ ಹಳೆಯ ಚಟ. ಆದರೆ ಹೆಸರು ಇಟ್ಟ ಮೇಲೆ ಏನಾಗುತ್ತೆ? ಹೆಸರು ಕೆಲವರನ್ನು ತೋರಿಸುತ್ತೆ, ಉಳಿದವರನ್ನು ಮರೆಸುತ್ತೆ. ಆರ್‌ಸಿಬಿಯ ಕೆಜಿಎಫ್ ಇದಕ್ಕೆ ಬಹಳ ಸ್ಪಷ್ಟವಾದ ಉದಾಹರಣೆ ಅಂತ ನಮಗನ್ನಿಸುತ್ತೆ. ಅಭಿಮಾನಿಗಳು ಬೈಕೋಬೇಡ್ರಿ, ನಾವೂ ಅದೇ ಪಂಗಡದವರೇ. ಅಂಕಿಗಳನ್ನ ಇಟ್ಕೊಂಡು ಸ್ವಲ್ಪ ನೋಡೋಣ.

ಹೆಸರು ಹುಟ್ಟಿದ್ದು ಹೇಗೆ

ಗ್ಲೆನ್ ಮ್ಯಾಕ್ಸ್‌ವೆಲ್ 2021ರ ಹರಾಜಿನಲ್ಲಿ 14.25 ಕೋಟಿಗೆ ಆರ್‌ಸಿಬಿಗೆ ಬಂದರು. ಫಾಫ್ ಡು ಪ್ಲೆಸಿ 2022ರ ಹರಾಜಿನಲ್ಲಿ 7 ಕೋಟಿಗೆ ಬಂದು, ಮುಂದಿನ ತಿಂಗಳೇ ನಾಯಕರಾದರು. ವಿರಾಟ್ ಕೊಹ್ಲಿ ಅಂತೂ 2008ರಿಂದ ಅಲ್ಲೇ ಇದ್ದರು. ಅದೇ 2022ರ ಏಪ್ರಿಲ್ 14ಕ್ಕೆ ಪ್ರಶಾಂತ್ ನೀಲ್ ನಿರ್ದೇಶನದ 'ಕೆಜಿಎಫ್' ಎರಡನೇ ಭಾಗ ತೆರೆಗೆ ಬಂತು. ಐಪಿಎಲ್ ನಡೀತಿರೋ ಹೊತ್ತಿಗೇ ಊರೂರಲ್ಲೂ ಅದೇ ಹೆಸರು. ಇನ್ನೇನು ಬೇಕು? ಅಭಿಮಾನಿಗಳು ಮೂರು ಅಕ್ಷರ ಜೋಡಿಸಿಬಿಟ್ಟರು. ಮುಂದೆ ಕಾಮೆಂಟರಿಯವರ ಬಾಯಲ್ಲೂ ಅದೇ ಬಂತು.

ಜೋಡಿಸೋದಕ್ಕೆ ಸ್ವಲ್ಪ ಜಾಣತನ ಮಾಡಿದ್ದಾರೆ ನೋಡ್ರಿ. ಕೊಹ್ಲಿಯವರದ್ದು ಮನೆತನದ ಹೆಸರು, ಮ್ಯಾಕ್ಸ್‌ವೆಲ್‌ರದ್ದು ಮೊದಲ ಹೆಸರು, ಫ್ರಾನ್ಸ್ವಾ ಡು ಪ್ಲೆಸಿಯವರದ್ದು ಕರೆಯೋ ಹೆಸರು. ಒಂದೇ ನಿಯಮ ಹಿಡಿದಿದ್ದರೆ ಕೆಎಂಡಿ ಆಗ್ತಿತ್ತು, ಯಾರೂ ಕೂಗ್ತಿರಲಿಲ್ಲ.

ಇದರಲ್ಲಿ ಇನ್ನೊಂದು ವಿಷಯ ಇದೆ. ಮೂವರಲ್ಲಿ ಒಬ್ಬರೂ ಕನ್ನಡಿಗರಲ್ಲ. ಒಬ್ಬರು ದೆಹಲಿ, ಒಬ್ಬರು ಆಸ್ಟ್ರೇಲಿಯಾದ ವಿಕ್ಟೋರಿಯಾ, ಒಬ್ಬರು ದಕ್ಷಿಣ ಆಫ್ರಿಕಾದ ಪ್ರಿಟೋರಿಯಾ. ಕೋಲಾರದ ಹೆಸರು ಅಂಟಿಸಿದ ಕೂಡಲೇ ಮೂವರೂ ನಮ್ಮೋರಾದರು. ಅಡ್ಡಹೆಸರಿನ ಒಳ್ಳೆ ಗುಣ ಇದು. ಯಾವ ಹರಾಜೂ ಮಾಡಲಾಗದ ಕೆಲಸವನ್ನ ಮೂರು ಅಕ್ಷರ ಮಾಡ್ತಾವ.

ಕೊಲೆಗಾರರ ಸಾಲು, ಕೊಲ್ಲುವ ಜೇನು

ಈಗ ಬೇಸ್‌ಬಾಲ್ ಕಡೆ ಸ್ವಲ್ಪ ಹೋಗಿ ಬರೋಣ, ಯಾಕಂದ್ರೆ ಇಂಥ ಹೆಸರುಗಳ ತವರುಮನೆ ಅದು. ಅಲ್ಲಿ ಅತ್ಯಂತ ಪ್ರಸಿದ್ಧವಾದದ್ದು ನ್ಯೂಯಾರ್ಕ್ ಯಾಂಕೀಸ್ ತಂಡದ 'ಮರ್ಡರರ್ಸ್ ರೋ', ಅಂದರೆ ಕೊಲೆಗಾರರ ಸಾಲು. ನ್ಯೂಯಾರ್ಕಿನ ಟೂಂಬ್ಸ್ ಅನ್ನೋ ಜೈಲಿನಲ್ಲಿ ಕೊಲೆ ಆರೋಪಿಗಳನ್ನ ಇಡ್ತಿದ್ದ ಕೋಣೆಗಳ ಸಾಲಿಗೆ ಆ ಹೆಸರಿತ್ತು. ಅದನ್ನ ಪತ್ರಿಕೆಯವರು 1918ರ ಹೊತ್ತಿಗೇ ಯಾಂಕೀಸ್ ಬ್ಯಾಟರ್‌ಗಳಿಗೆ ಇಟ್ಟರು. ಆದರೆ ಜಗತ್ತು ನೆನಪಿಟ್ಟಿದ್ದು 1927ರ ತಂಡವನ್ನ.

ಆ ವರ್ಷ ಬೇಬ್ ರೂಥ್ 60 ಹೋಮ್ ರನ್ ಹೊಡೆದರು. ಹೋಮ್ ರನ್ ಅಂದ್ರೆ ನಮ್ಮ ಸಿಕ್ಸರಿನ ಅಣ್ಣ ಅಂದ್ಕೊಳ್ರಿ. ಅಮೆರಿಕನ್ ಲೀಗಿನ ಬೇರೆ ಯಾವ ಪೂರ್ತಿ ತಂಡವೂ ಆ ವರ್ಷ 60 ಹೋಮ್ ರನ್ ಹೊಡೆದಿರಲಿಲ್ಲ! ರೂಥ್ ಜೊತೆ ಲೂ ಗೆಹ್ರಿಗ್ 47 ಹೊಡೆದರು. ಅರ್ಲ್ ಕೂಂಬ್ಸ್, ಮಾರ್ಕ್ ಕೋನಿಗ್, ಬಾಬ್ ಮ್ಯೂಸೆಲ್, ಟೋನಿ ಲಾಝೆರಿ ಆ ಸಾಲಿನ ಉಳಿದವರು. ತಂಡ 110 ಪಂದ್ಯ ಗೆದ್ದು 44 ಸೋತಿತು. ವರ್ಲ್ಡ್ ಸೀರೀಸ್‌ನಲ್ಲಿ ಪಿಟ್ಸ್‌ಬರ್ಗ್ ತಂಡವನ್ನ 4-0ಯಿಂದ ಮುಗಿಸಿತು.

ಇಲ್ಲಿ ಹೆಸರು ಮರೆಸಿದ ಒಂದು ಮಾತಿದೆ. ಅದೇ 1927ರಲ್ಲಿ ಚೆಂಡು ಎಸೆಯೋರ ಸಾಧನೆಯೂ ಇಡೀ ಲೀಗಿಗೇ ಮೇಲಿತ್ತು. ವೇಟ್ ಹೋಯ್ಟ್ 22 ಪಂದ್ಯ ಗೆಲ್ಲಿಸಿದರು, ವಿಲ್ಸಿ ಮೂರ್ 19. ಎದುರಾಳಿಗೆ ಕಡಿಮೆ ರನ್ ಬಿಟ್ಟುಕೊಟ್ಟಿದ್ದರಲ್ಲೂ ಯಾಂಕೀಸೇ ಮೊದಲು. ಆದ್ರೆ ಹೋಯ್ಟ್, ಮೂರ್ ಅನ್ನೋ ಹೆಸರು ಇವತ್ತು ಯಾರಿಗೆ ಗೊತ್ತು? ಕೊಲೆಗಾರರ ಸಾಲಿನಲ್ಲಿ ಅವರಿಗೆ ಕೋಣೆ ಸಿಗಲಿಲ್ಲ.

ಎರಡನೇ ಉದಾಹರಣೆ ನಮ್ಮ ಕೆಜಿಎಫ್‌ಗೆ ಇನ್ನೂ ಹತ್ತಿರದ್ದು, ಯಾಕಂದ್ರೆ ಅದೂ ಅಕ್ಷರದ ಆಟ. ಹ್ಯೂಸ್ಟನ್ ಆಸ್ಟ್ರೋಸ್ ತಂಡದಲ್ಲಿ ಕ್ರೇಗ್ ಬಿಜಿಯೊ, ಜೆಫ್ ಬ್ಯಾಗ್‌ವೆಲ್, ಡೆರೆಕ್ ಬೆಲ್ ಇದ್ದರು. ಆಮೇಲೆ ಲ್ಯಾನ್ಸ್ ಬರ್ಕ್‌ಮನ್ ಬಂದರು, 2004ರಲ್ಲಿ ಕಾರ್ಲೋಸ್ ಬೆಲ್ಟ್ರಾನ್ ಬಂದರು. ಎಲ್ಲರ ಹೆಸರೂ 'ಬಿ'ಯಿಂದ. 'ಬಿ' ಅಂದ್ರೆ ಅಕ್ಷರವೂ ಹೌದು, ಜೇನುನೊಣವೂ ಹೌದು. ಹಾಗಾಗಿ 'ಕಿಲ್ಲರ್ ಬೀಸ್', ಕೊಲ್ಲುವ ಜೇನು. ಬಿಜಿಯೊ, ಬ್ಯಾಗ್‌ವೆಲ್ ಇಬ್ಬರೂ ಹಾಲ್ ಆಫ್ ಫೇಮ್ ಸೇರಿದ ದೊಡ್ಡ ಆಟಗಾರರು. ಆದರೆ ಇಬ್ಬರಿಗೂ ವರ್ಲ್ಡ್ ಸೀರೀಸ್ ಒಲಿಯಲಿಲ್ಲ. ತಂಡ ಮೊದಲ ಸಲ ಅಲ್ಲಿಗೆ ಮುಟ್ಟಿದ್ದು 2005ರಲ್ಲಿ. ಆಗಲೂ ರೋಜರ್ ಕ್ಲೆಮೆನ್ಸ್, ರಾಯ್ ಓಸ್ವಾಲ್ಟ್, ಆ್ಯಂಡಿ ಪೆಟಿಟ್ ಅನ್ನೋ ಎಸೆತಗಾರರ ದೊಡ್ಡ ಬಲ ಬೆನ್ನಿಗಿತ್ತು. ಶಿಕಾಗೊ ವೈಟ್ ಸಾಕ್ಸ್ ಎದುರು 0-4 ಸೋತರು.

ಟಿ20ಯಲ್ಲಿ ಮೂವರೇ ಯಾಕೆ

ಬೇಸ್‌ಬಾಲಿಗೂ ನಮ್ಮ ಆಟಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಬೇಸ್‌ಬಾಲಿನಲ್ಲಿ ಒಂಬತ್ತು ಬ್ಯಾಟರ್‌ಗಳು ಸರದಿ ಪ್ರಕಾರ ಬರ್ತಾರೆ. ಒಂಬತ್ತನೆಯವನು ಮುಗಿದ ಮೇಲೆ ಮತ್ತೆ ಒಂದನೆಯವನು. ಔಟ್ ಆದವನಿಗೂ ಅದೇ ಪಂದ್ಯದಲ್ಲಿ ಮತ್ತೆ ಮತ್ತೆ ಅವಕಾಶ. ರೂಥ್ ಎಷ್ಟೇ ದೊಡ್ಡವನಾದ್ರೂ ತನ್ನ ಸರದಿ ಬರೋ ತನಕ ಕೂರಲೇಬೇಕು. ಅಂದ್ರೆ ಕೆಲಸವನ್ನ ಒಂಬತ್ತು ಮಂದಿಗೆ ಹಂಚೋದು ನಿಯಮವೇ.

ಟಿ20 ಹಾಗಲ್ಲ. ಒಟ್ಟು 120 ಎಸೆತ. ಮೇಲಿನ ಮೂವರು ನಿಂತುಬಿಟ್ಟರೆ ಎಲ್ಲವನ್ನೂ ಅವರೇ ಆಡಬಹುದು. ಉಳಿದವರು ಪ್ಯಾಡ್ ಕಟ್ಕೊಂಡು ಕೂತೇ ಇರಬಹುದು. ಆದ್ರೆ ಔಟ್ ಆದ್ರೆ ಮುಗೀತು, ಎರಡನೇ ಅವಕಾಶ ಇಲ್ಲ. ಹಾಗಾಗಿ ಟಿ20ಯಲ್ಲಿ ಮೂರು ಜನರ ಮೇಲೆ ನಿಂತ ತಂಡ ಗೆದ್ದಾಗ ಬಹಳ ಭರ್ಜರಿಯಾಗಿ ಕಾಣುತ್ತೆ, ಬಿದ್ದಾಗಲೂ ಅಷ್ಟೇ ಭರ್ಜರಿಯಾಗಿ ಬೀಳುತ್ತೆ.

ಇದು ಆರ್‌ಸಿಬಿಗೆ ಹೊಸ ಪಾಠ ಅಲ್ಲ. ಕೆಜಿಎಫ್‌ಗೂ ಮೊದಲು ಕ್ರಿಸ್ ಗೇಲ್, ಕೊಹ್ಲಿ, ಎಬಿ ಡಿವಿಲಿಯರ್ಸ್ ಅನ್ನೋ ಇನ್ನೊಂದು ತ್ರಿಮೂರ್ತಿ ಇತ್ತು. 2013ರ ಏಪ್ರಿಲ್ 23ರಂದು ಪುಣೆ ವಿರುದ್ಧ ಗೇಲ್ ಔಟಾಗದೆ 175 ಹೊಡೆದು, ತಂಡ 263 ಮುಟ್ಟಿತು. 2016ರಲ್ಲಿ ಕೊಹ್ಲಿ 973 ರನ್, ಡಿವಿಲಿಯರ್ಸ್ 687. ಆ ವರ್ಷ ಚಿನ್ನಸ್ವಾಮಿಯಲ್ಲೇ ನಡೆದ ಫೈನಲ್‌ನಲ್ಲಿ 209 ಬೆನ್ನತ್ತಿ, ಗೇಲ್ 76, ಕೊಹ್ಲಿ 54 ಹೊಡೆದು ಮೊದಲ ವಿಕೆಟ್ಟಿಗೇ 114 ಸೇರಿಸಿದರು. ಆದ್ರೂ 8 ರನ್‌ನಿಂದ ಸೋತೆವು. ಮರುವರ್ಷ ಅದೇ ಏಪ್ರಿಲ್ 23ಕ್ಕೆ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ 49ಕ್ಕೆ ಆಲೌಟ್! ಗೇಲ್ 7, ಕೊಹ್ಲಿ 0, ಡಿವಿಲಿಯರ್ಸ್ 8. ಇಡೀ ತಂಡದಲ್ಲಿ ಒಬ್ಬರೂ ಎರಡಂಕಿ ಮುಟ್ಟಲಿಲ್ಲ.

ಮೂರು ಪಂದ್ಯಗಳು

ಕೆಜಿಎಫ್ ಕಥೆಯನ್ನ ಮೂರು ಪಂದ್ಯಗಳಲ್ಲಿ ಹೇಳಬಹುದು.

ಮೊದಲನೆಯದು 2022ರ ಮೇ 25, ಈಡನ್ ಗಾರ್ಡನ್ಸ್, ಲಖನೌ ವಿರುದ್ಧ ಎಲಿಮಿನೇಟರ್. ಸೋತವರು ಮನೆಗೆ. ಫಾಫ್ ಮೊದಲ ಎಸೆತಕ್ಕೇ ಔಟ್, ಸೊನ್ನೆ. ಕೊಹ್ಲಿ 25. ಮ್ಯಾಕ್ಸ್‌ವೆಲ್ 9. ಮೂವರೂ ಸೇರಿ 34. ಆದರೆ ತಂಡದ ಮೊತ್ತ 207! ಯಾರು ಹೊಡೆದದ್ದು? ರಜತ್ ಪಾಟಿದಾರ್, 54 ಎಸೆತದಲ್ಲಿ ಔಟಾಗದೆ 112. ಆ ವರ್ಷದ ಹರಾಜಿನಲ್ಲಿ ಅವರನ್ನ ಯಾರೂ ಕೊಂಡಿರಲಿಲ್ಲ. ನಮ್ಮ ಕರ್ನಾಟಕದ ಲವನಿತ್ ಸಿಸೋಡಿಯಾ ಗಾಯಗೊಂಡಿದ್ದರಿಂದ ಅವರ ಜಾಗಕ್ಕೆ ಬದಲಿಯಾಗಿ ಬಂದವರು. ಜೊತೆಗೆ ದಿನೇಶ್ ಕಾರ್ತಿಕ್ 23 ಎಸೆತದಲ್ಲಿ 37. ಆರ್‌ಸಿಬಿ 14 ರನ್‌ನಿಂದ ಗೆದ್ದಿತು. ಹೆಸರಿನಲ್ಲಿ ಇಲ್ಲದವರು ಗೆಲ್ಲಿಸಿದ ದಿನ ಅದು.

ಎರಡನೆಯದು 2023ರ ಏಪ್ರಿಲ್ 10, ಚಿನ್ನಸ್ವಾಮಿ, ಎದುರಾಳಿ ಮತ್ತೆ ಲಖನೌ. ಕೆಜಿಎಫ್ ಅನ್ನೋ ಹೆಸರಿಗೆ ಇದಕ್ಕಿಂತ ಒಳ್ಳೆ ದಿನ ಸಿಗೋದಿಲ್ಲ. ಕೊಹ್ಲಿ 44 ಎಸೆತಕ್ಕೆ 61, ಫಾಫ್ 46 ಎಸೆತಕ್ಕೆ ಔಟಾಗದೆ 79, ಮ್ಯಾಕ್ಸ್‌ವೆಲ್ 29 ಎಸೆತಕ್ಕೆ 59. ಕೂಡಿಸಿ ನೋಡ್ರಿ. 120 ಎಸೆತದಲ್ಲಿ 119 ಈ ಮೂವರದ್ದೇ. 212 ರನ್ನಿನಲ್ಲಿ 199 ಇವರದ್ದೇ. ಕೊನೆಗೆ ಬಂದ ಕಾರ್ತಿಕ್‌ಗೆ ಒಂದು ಎಸೆತ, ಒಂದು ರನ್. ಉಳಿದದ್ದು ಇತರೆ. ಮೂರು ಅಕ್ಷರ ಸಂಪೂರ್ಣವಾಗಿ ನಿಜವಾದ ದಿನ.

ಫಲಿತಾಂಶ? ಲಖನೌ 23ಕ್ಕೆ 3 ಆಗಿತ್ತು. ಅಲ್ಲಿಂದ ಮಾರ್ಕಸ್ ಸ್ಟೋಯಿನಿಸ್ 30 ಎಸೆತಕ್ಕೆ 65, ನಿಕೋಲಸ್ ಪೂರನ್ 19 ಎಸೆತಕ್ಕೆ 62. ಕೊನೆಯ ಎಸೆತದಲ್ಲಿ ಒಂದು ಬೈ ಓಡಿ ಒಂದು ವಿಕೆಟ್‌ನಿಂದ ಗೆದ್ದರು. ಮೂವರೂ ಅರ್ಧಶತಕ ಹೊಡೆದ ದಿನ ಸೋತೆವು, ಮೂವರೂ ಕೈಕೊಟ್ಟ ದಿನ ಗೆದ್ದಿದ್ದೆವು. ಒಂದೆರಡು ಪಂದ್ಯದಿಂದ ಸಿದ್ಧಾಂತ ಕಟ್ಟೋಕಾಗಲ್ಲ, ಅದು ನಮಗೂ ಗೊತ್ತು. ಹಾಗಾಗಿ ಇಡೀ ಸೀಸನ್ ನೋಡೋಣ.

2023ರ 14 ಪಂದ್ಯಗಳಲ್ಲಿ ಫಾಫ್ 730, ಕೊಹ್ಲಿ 639, ಮ್ಯಾಕ್ಸ್‌ವೆಲ್ 400. ಒಟ್ಟು 1769 ರನ್. ತಂಡದಲ್ಲಿ ನಾಲ್ಕನೇ ಸ್ಥಾನ ದಿನೇಶ್ ಕಾರ್ತಿಕ್‌ರದ್ದು: 140. ನಾನೂರರಿಂದ ಒಮ್ಮೆಲೇ ನೂರಾ ನಲವತ್ತಕ್ಕೆ ಇಳಿದಿದೆ. ಗಾಯದಿಂದ ಪಾಟಿದಾರ್ ಆ ವರ್ಷ ಆಡಲೇ ಇಲ್ಲ. ಕೊಹ್ಲಿ ಮತ್ತು ಫಾಫ್ ಜೊತೆಯಾಟದಲ್ಲಿ 939 ರನ್ ಸೇರಿಸಿ, 2016ರಲ್ಲಿ ಕೊಹ್ಲಿ ಮತ್ತು ಡಿವಿಲಿಯರ್ಸ್ ಮಾಡಿದ್ದ ದಾಖಲೆ ಸರಿಗಟ್ಟಿದರು. ಇಷ್ಟೆಲ್ಲ ಆಗಿ ತಂಡ ಮುಗಿಸಿದ್ದು ಆರನೇ ಸ್ಥಾನದಲ್ಲಿ. ಕೊನೆಯ ಪಂದ್ಯದಲ್ಲಿ ಕೊಹ್ಲಿ ಔಟಾಗದೆ 101 ಹೊಡೆದರು. ಗುಜರಾತಿನ ಶುಭಮನ್ ಗಿಲ್ ಔಟಾಗದೆ 104 ಹೊಡೆದು ಬಾಗಿಲು ಹಾಕಿದರು.

ಬೌಲಿಂಗ್‌ನಲ್ಲಿ ಯಾರೂ ಇರಲಿಲ್ಲ ಅಂತಲ್ಲ. ಮೊಹಮ್ಮದ್ ಸಿರಾಜ್ ಆ ವರ್ಷ 19 ವಿಕೆಟ್ ತೆಗೆದರು. ಆದ್ರೆ ಅವರಿಗೆ ನಮ್ಮ ಹೆಸರಿನಲ್ಲಿ ಅಕ್ಷರ ಇರಲಿಲ್ಲ. ದುಡ್ಡಿನ ಲೆಕ್ಕವನ್ನೂ ನೋಡಬಹುದು. 2022ರಲ್ಲಿ ಕೊಹ್ಲಿ 15 ಕೋಟಿ, ಮ್ಯಾಕ್ಸ್‌ವೆಲ್ 11, ಫಾಫ್ 7. ಒಂದು ತಂಡಕ್ಕೆ ಇದ್ದ 90 ಕೋಟಿಯಲ್ಲಿ 33 ಕೋಟಿ ಮೂವರಿಗೆ. ಹರ್ಷಲ್ ಪಟೇಲ್, ವನಿಂದು ಹಸರಂಗ ಅವರಿಗೂ ತಲಾ 10.75 ಕೋಟಿ ಕೊಟ್ಟಿದ್ದರು ಅನ್ನೋದನ್ನ ಮರೀಬಾರದು. ಅಂದ್ರೆ ತಂಡ ಕಟ್ಟಿದವರು ಬೌಲರ್‌ಗಳನ್ನ ಪೂರ್ತಿ ಮರೆತಿರಲಿಲ್ಲ. ಮರೆತದ್ದು ಹೆಚ್ಚಾಗಿ ನಾವು, ಕೂಗೋರು.

ಒಂದು ಸಣ್ಣ ಲೆಕ್ಕ

ಎಂಜಿನಿಯರಿಂಗ್ ಓದ್ತಿರೋರು ನಾವು, ಲೆಕ್ಕ ಇಲ್ಲದೆ ಬಿಟ್ರೆ ಹೇಗೆ? ಒಂದು ಊಹೆ ಮಾಡೋಣ. ಮೂವರಲ್ಲಿ ಪ್ರತಿಯೊಬ್ಬರೂ ಎರಡು ಪಂದ್ಯಕ್ಕೊಮ್ಮೆ ಚೆನ್ನಾಗಿ ಆಡ್ತಾರೆ ಅಂತಿಟ್ಕೊಳ್ಳಿ, ನಾಣ್ಯ ಚಿಮ್ಮಿದ ಹಾಗೆ. ನಿಜವಾದ ಆಟಗಾರರಿಗೆ ಇದು ಬಹಳ ಉದಾರವಾದ ಊಹೆ. ಆಗ ಮೂವರೂ ಒಟ್ಟಿಗೆ ಆಡೋ ಸಾಧ್ಯತೆ ಎಂಟರಲ್ಲಿ ಒಂದು. ಮೂವರೂ ಒಟ್ಟಿಗೆ ಕೈಕೊಡೋದೂ ಎಂಟರಲ್ಲಿ ಒಂದು. ಒಬ್ಬರೇ ಆಡೋದು ಎಂಟರಲ್ಲಿ ಮೂರು, ಇಬ್ಬರು ಆಡೋದು ಎಂಟರಲ್ಲಿ ಮೂರು.

14 ಪಂದ್ಯಕ್ಕೆ ಇಳಿಸಿದ್ರೆ, ಸುಮಾರು ಎರಡು ದಿನ ಕೆಜಿಎಫ್ ಪೂರ್ತಿ ಹೊಳೆಯುತ್ತೆ. ಅದನ್ನೇ ನಾವು ವರ್ಷಗಟ್ಟಲೆ ಮೊಬೈಲಿನಲ್ಲಿ ನೋಡ್ತೀವಿ. ಆದ್ರೆ ಸುಮಾರು ಏಳು ಪಂದ್ಯಗಳಲ್ಲಿ ಮೂವರಲ್ಲಿ ಒಬ್ಬರೇ ಆಡಿರ್ತಾರೆ ಅಥವಾ ಒಬ್ಬರೂ ಆಡಿರಲ್ಲ. ಅಂದ್ರೆ ಅರ್ಧ ಸೀಸನ್ ನಾಲ್ಕನೆಯವನು, ಐದನೆಯವನು ಬೇಕೇ ಬೇಕು. ಆ ನಾಲ್ಕನೆಯವನಿಗೆ ಹೆಸರಿಲ್ಲ.

ಈ ಲೆಕ್ಕದಲ್ಲೂ ಒಂದು ತೂತಿದೆ. ಮೂವರ ಸೋಲು ಒಂದಕ್ಕೊಂದು ಸಂಬಂಧ ಇಲ್ಲದ್ದು ಅಂತ ಅಂದ್ಕೊಂಡಿದ್ದೀವಿ. ರಿಲಯಬಿಲಿಟಿ ಪಾಠದಲ್ಲಿ ಒಂದು ಮಾತು ಬರುತ್ತೆ, ಕಾಮನ್ ಕಾಸ್ ಫೇಲ್ಯೂರ್ ಅಂತ. ಮೂರು ಪಂಪ್ ಇಟ್ಟು ಮೂರಕ್ಕೂ ಒಂದೇ ಲೈನಿನಿಂದ ಕರೆಂಟ್ ಕೊಟ್ರೆ, ಲೈನ್ ಹೋದಾಗ ಮೂರೂ ಹೋಗ್ತಾವ. ಮೂರಿದ್ದೂ ಒಂದೇ ಇದ್ದ ಹಾಗೆ. ಕ್ರಿಕೆಟ್‌ನಲ್ಲಿ ಆ ಲೈನ್ ಅಂದ್ರೆ ಅವತ್ತಿನ ಪಿಚ್, ಅವತ್ತಿನ ಸ್ವಿಂಗ್, ಎದುರಿನ ಬೌಲರ್. 2022ರ ಏಪ್ರಿಲ್ 23ಕ್ಕೆ, ಮತ್ತೆ ಅದೇ ತಾರೀಖು ನೋಡ್ರಿ, ಹೈದರಾಬಾದಿನ ಮಾರ್ಕೊ ಯಾನ್ಸನ್ ಒಂದೇ ಓವರಿನಲ್ಲಿ ಫಾಫ್, ಕೊಹ್ಲಿ, ಅನುಜ್ ರಾವತ್ ಮೂವರನ್ನೂ ಕಿತ್ತರು. ಫಾಫ್ 5, ಕೊಹ್ಲಿ 0, ಮುಂದೆ ಮ್ಯಾಕ್ಸ್‌ವೆಲ್ 12. ತಂಡ 68ಕ್ಕೆ ಆಲೌಟ್. ಒಂದೇ ಥರದ ಕೆಲಸ ಮಾಡೋ ಮೂವರು ಒಂದೇ ಕಾರಣಕ್ಕೆ ಬೀಳ್ತಾರೆ.

ಅದಕ್ಕೆ ಒಳ್ಳೆ ವಿನ್ಯಾಸದಲ್ಲಿ ಬರೀ ಸಂಖ್ಯೆ ನೋಡಲ್ಲ, ಬೇರೆ ಬೇರೆ ಥರದ ಭಾಗ ಇದ್ದಾವಾ ಅಂತ ನೋಡ್ತಾರೆ. ಬ್ಯಾಟಿಂಗ್ ಬಿದ್ದ ದಿನ ಹಿಡಿಯೋಕೆ ಬೌಲಿಂಗ್ ಇರಬೇಕು, ಮೇಲಿನವರು ಬಿದ್ದ ದಿನ ಕೆಳಗಿನವರು ಇರಬೇಕು.

ಅಕ್ಷರಗಳು ಹೋದ ಮೇಲೆ

ಇದನ್ನ ಆರ್‌ಸಿಬಿಯಲ್ಲಿ ಮೊದಲು ತೋರಿಸಿದ್ದು ಹೆಣ್ಣುಮಕ್ಕಳು. 2024ರ ಮಾರ್ಚ್ 17ರಂದು ದೆಹಲಿಯಲ್ಲಿ ಡಬ್ಲ್ಯುಪಿಎಲ್ ಫೈನಲ್. ಎದುರಾಳಿ ದೆಹಲಿ ವಿಕೆಟ್ ಇಲ್ಲದೆ 64 ಆಗಿತ್ತು. ಸೋಫಿ ಮೊಲಿನೊ ಒಂದೇ ಓವರಿನಲ್ಲಿ ಮೂರು ವಿಕೆಟ್ ತೆಗೆದರು, ನಮ್ಮ ಶ್ರೇಯಾಂಕಾ ಪಾಟೀಲ್ 12 ರನ್ ಕೊಟ್ಟು 4 ತೆಗೆದರು. 113ಕ್ಕೆ ಆಲೌಟ್. ಸ್ಮೃತಿ ಮಂಧಾನ, ಎಲಿಸ್ ಪೆರಿಯಂಥ ಬ್ಯಾಟರ್‌ಗಳಿದ್ದ ತಂಡಕ್ಕೆ ಆ ಕಪ್ಪಿನ ದಾರಿ ತೆರೆದದ್ದು ಬೌಲರ್‌ಗಳು.

ಗಂಡಸರ ತಂಡದಲ್ಲಿ 2024ಕ್ಕೆ ಮ್ಯಾಕ್ಸ್‌ವೆಲ್ ಲಯ ಕಳ್ಕೊಂಡರು. ಹತ್ತು ಪಂದ್ಯದಲ್ಲಿ 52 ರನ್. ಮಧ್ಯದಲ್ಲಿ ತಾವೇ ನಾಯಕನಿಗೆ ಹೇಳಿ ಹೊರಗೆ ಕೂತರು. 2025ಕ್ಕೆ ಮ್ಯಾಕ್ಸ್‌ವೆಲ್ ಪಂಜಾಬಿಗೆ ಹೋದರು, ಫಾಫ್ ದೆಹಲಿಗೆ. ಜಿ ಹೋಯ್ತು, ಎಫ್ ಹೋಯ್ತು, ಕೆ ಮಾತ್ರ ಉಳೀತು. ನಾಯಕ ಯಾರು? ಮೂರು ವರ್ಷದ ಹಿಂದೆ ಬದಲಿಯಾಗಿ ಬಂದಿದ್ದ ಅದೇ ರಜತ್ ಪಾಟಿದಾರ್.

ಆ ಸೀಸನ್ನಿನಲ್ಲಿ ಆರ್‌ಸಿಬಿ 11 ಪಂದ್ಯ ಗೆದ್ದಿತು. ಗೆದ್ದ ದಿನಗಳಲ್ಲಿ ಪಂದ್ಯಶ್ರೇಷ್ಠರಾದವರ ಪಟ್ಟಿ ನೋಡ್ರಿ: ಕೃಣಾಲ್ ಪಾಂಡ್ಯ, ಪಾಟಿದಾರ್, ಫಿಲ್ ಸಾಲ್ಟ್, ಕೊಹ್ಲಿ, ಜೋಶ್ ಹೇಜಲ್‌ವುಡ್, ರೊಮಾರಿಯೊ ಶೆಫರ್ಡ್, ಜಿತೇಶ್ ಶರ್ಮಾ, ಸುಯಶ್ ಶರ್ಮಾ. ಎಂಟು ಜನ. ಈ ಎಂಟು ಹೆಸರು ಜೋಡಿಸಿ ಒಂದು ಅಡ್ಡಹೆಸರು ಮಾಡೋಕೆ ನಾವೂ ನೋಡಿದ್ವಿ, ಬಾಯಲ್ಲಿ ನಿಲ್ಲೋ ಥರದ್ದು ಆಗಲಿಲ್ಲ. ಬಹುಶಃ ಒಳ್ಳೆ ತಂಡಕ್ಕೆ ಹೆಸರು ಕಟ್ಟೋದು ಕಷ್ಟವೇ.

ಹಾಗಂತ ಕೊಹ್ಲಿ ಸುಮ್ಮನೆ ಕೂತಿರಲಿಲ್ಲ. 657 ರನ್ ಹೊಡೆದರು, ತಂಡದಲ್ಲೇ ಹೆಚ್ಚು. ನಕ್ಷತ್ರ ಬೇಡ ಅಂತ ನಾವು ಹೇಳ್ತಿಲ್ಲ. ಏಪ್ರಿಲ್ 20ಕ್ಕೆ ಪಂಜಾಬ್ ವಿರುದ್ಧ ಅವರು ಔಟಾಗದೆ 73 ಹೊಡೆದು ಪಂದ್ಯಶ್ರೇಷ್ಠ ಪ್ರಶಸ್ತಿ ತಗೊಂಡಾಗ, ಇದು ದೇವದತ್ತ ಪಡಿಕ್ಕಲ್‌ಗೆ ಸಿಗಬೇಕಿತ್ತು ಅಂದರು. ಪಡಿಕ್ಕಲ್ ಅವತ್ತು 35 ಎಸೆತಕ್ಕೆ 61 ಹೊಡೆದಿದ್ದರು. ಅಕ್ಷರ ಇರೋ ಆಟಗಾರನೇ ಅಕ್ಷರ ಇಲ್ಲದವನ ಕಡೆ ಬೆರಳು ತೋರಿಸಿದ ಹಾಗೆ.

ಈಗ ಮೂರನೇ ಪಂದ್ಯ. 2025ರ ಜೂನ್ 3, ಅಹಮದಾಬಾದ್, ಪಂಜಾಬ್ ವಿರುದ್ಧ ಫೈನಲ್. 2009, 2011, 2016ರ ಫೈನಲ್ ಸೋತ ತಂಡ ನಾಲ್ಕನೇ ಸಲ ನಿಂತಿತ್ತು. ಆರ್‌ಸಿಬಿ 190. ಒಬ್ಬರದ್ದೂ ಅರ್ಧಶತಕ ಇಲ್ಲ! ಕೊಹ್ಲಿ 43, ಪಾಟಿದಾರ್ 26, ಲಿವಿಂಗ್‌ಸ್ಟನ್ 25, ನಮ್ಮ ಮಯಂಕ್ ಅಗರ್ವಾಲ್ 24, ಜಿತೇಶ್ 10 ಎಸೆತಕ್ಕೆ 24, ಶೆಫರ್ಡ್ 17, ಸಾಲ್ಟ್ 16. ಏಳು ಜನ ಒಂದೊಂದು ಇಟ್ಟಿಗೆ ಇಟ್ಟ ಗೋಡೆ. ಆಮೇಲೆ ಕೃಣಾಲ್ ನಾಲ್ಕು ಓವರಿನಲ್ಲಿ 17 ಮಾತ್ರ ಕೊಟ್ಟು 2 ವಿಕೆಟ್ ತೆಗೆದರು. ಪಂಜಾಬ್ 184. ಆರು ರನ್ನಿನ ಗೆಲುವು, 18 ವರ್ಷದಲ್ಲಿ ಮೊದಲ ಕಪ್. ಮೂವರು 199 ಹೊಡೆದ ದಿನ ಸಿಗದ ಗೆಲುವು, ಯಾರೂ 50 ಮುಟ್ಟದ ದಿನ ಸಿಕ್ಕಿತು.

ಮರುದಿನ ಚಿನ್ನಸ್ವಾಮಿ ಹೊರಗಿನ ಕಾಲ್ತುಳಿತದಲ್ಲಿ 11 ಜನ ಜೀವ ಕಳ್ಕೊಂಡರು. ಈ ಲೇಖನದ ವಿಷಯ ಅದಲ್ಲ. ಆದ್ರೆ ಆ ಸಾಲು ಬರೀದೆ ಈ ಗೆಲುವಿನ ಬಗ್ಗೆ ಬರೆಯೋದು ಸರಿಯಲ್ಲ.

ಚಿನ್ನ ಮತ್ತು ಕಲ್ಲು

ನಮ್ಮಲ್ಲಿ ಕೆಲವರು ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲೂಕಿನ ತಾವರಗೇರಾ ಕಡೆಯವರು. ನಮಗೆ ಚಿನ್ನದ ಗಣಿ ಅಂದ್ರೆ ಕೋಲಾರಕ್ಕಿಂತ ಮೊದಲು ನೆನಪಾಗೋದು ಪಕ್ಕದ ರಾಯಚೂರು ಜಿಲ್ಲೆ, ಲಿಂಗಸುಗೂರು ತಾಲೂಕಿನ ಹಟ್ಟಿ. ಕೋಲಾರದ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಹಟ್ಟಿ ಇನ್ನೂ ನಡೀತಿದೆ. ಗಣಿ ಹತ್ತಿರದವರಿಗೆ ಒಂದು ಸತ್ಯ ಗೊತ್ತಿರುತ್ತೆ. ಒಂದು ಟನ್ ಕಲ್ಲು ಒಡೆದು, ಪುಡಿ ಮಾಡಿ, ತೊಳೆದ್ರೆ ಸಿಗೋದು ಕೆಲವೇ ಗ್ರಾಂ ಚಿನ್ನ. ಅಂಗಡಿಯ ಗಾಜಿನೊಳಗೆ ಕಾಣೋದು ಆ ಕೆಲವು ಗ್ರಾಂ. ಕಲ್ಲೂ ಕಾಣಲ್ಲ, ಒಡೆದವರೂ ಕಾಣಲ್ಲ. ಕೆಜಿಎಫ್ ಅಂತ ಹೆಸರಿಟ್ಟವರು ಚಿನ್ನದ ಹೊಳಪು ನೆನೆಸಿ ಇಟ್ಟರು. ಗಣಿಯ ಉಳಿದರ್ಧ ಕಥೆಯೂ ಆ ಹೆಸರಿಗೆ ಅಷ್ಟೇ ಚೆನ್ನಾಗಿ ಹೊಂದುತ್ತೆ.

ಇದು ಬರೀ ಐಪಿಎಲ್ ಮಾತಲ್ಲ. ನಮ್ಮ ಕಡೆ ಬ್ಯಾಸಿಗಿ ಬಂತಂದ್ರೆ ಟೆನಿಸ್ ಬಾಲ್ ಟೂರ್ನಮೆಂಟ್ ಶುರು. ಪ್ರತಿ ಊರಿನ ತಂಡದಾಗೂ ಇಬ್ಬರು ಹೊಡೆಯೋರು ಇರ್ತಾರ, ಅವರ ಹೆಸರೇ ಮೈಕಿನಾಗ. ಎದುರಿನವರಿಗೂ ಅದು ಗೊತ್ತು. ಅವರಿಬ್ಬರನ್ನ ತೆಗೆದ್ರ ಮ್ಯಾಚ್ ಮುಗೀತು ಅಂತ ಪೂರ್ತಿ ಪ್ಲಾನ್ ಅವರ ಮೇಲೇ. ಹೆಸರು ಇಡೋದು ಒಂದು ಥರ ಎದುರಾಳಿಗೆ ನಕ್ಷೆ ಕೊಟ್ಟ ಹಾಗೆ. ಏಳನೇ ನಂಬರಿನ ಹುಡುಗ ಇಡೀ ಟೂರ್ನಮೆಂಟಿನಾಗ ನಾಲ್ಕು ಎಸೆತ ಆಡಿರ್ತಾನ. ಫೈನಲ್ ದಿನ ಅವನ ಕೈಯಾಗ ಬ್ಯಾಟ್ ಕೊಟ್ಟು ಹೊಡಿ ಅಂದ್ರ ಎಲ್ಲಿಂದ ಹೊಡೀಬೇಕು?

ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ಗುಂಪುಗಳೂ ಹಾಗೇ. ನಾಲ್ವರಲ್ಲಿ ಒಬ್ಬ ಕೋಡ್ ಬರೀತಾನೆ, ಗುಂಪಿಗೆ ಅವನದ್ದೇ ಹೆಸರು. ಉಳಿದ ಮೂವರು ರಿಪೋರ್ಟ್ ಬೈಂಡಿಂಗ್‌ಗೆ. ವೈವಾ ದಿನ ಆ ಒಬ್ಬನಿಗೆ ಜ್ವರ ಬಂದ್ರೆ ಎಲ್ಲರೂ 68ಕ್ಕೆ ಆಲೌಟ್. ಅವನ ತಪ್ಪೇನೂ ಇಲ್ಲ. ಉಳಿದವರಿಗೆ ಆಡೋಕೆ ಎಸೆತವೇ ಸಿಕ್ಕಿರಲಿಲ್ಲ.

ಅಡ್ಡಹೆಸರು ಬೇಡ ಅಂತ ನಾವು ಹೇಳಲ್ಲ. ಕೂಗೋಕೆ ಒಂದು ಹೆಸರು ಬೇಕು, ಅದರಲ್ಲಿ ಸುಖ ಇದೆ. ಕೊಹ್ಲಿ, ಗ್ಲೆನ್, ಫಾಫ್ ಮೂವರೂ ಆಡ್ತಿದ್ದ ಆ ಸಂಜೆಗಳು ಸುಳ್ಳಲ್ಲ. ಆದರೆ ಮುಂದಿನ ಸಲ ಯಾವುದಾದರೂ ತಂಡಕ್ಕೆ ಮೂರು ಅಕ್ಷರದ ಹೆಸರು ಕಟ್ಟಿದಾಗ ಸ್ಕೋರ್‌ಕಾರ್ಡ್ ಸ್ವಲ್ಪ ಕೆಳಗೆ ಎಳೆದು ನೋಡ್ರಿ. ನಾಲ್ಕನೆಯವನು ಯಾರು, ಎಷ್ಟು ಎಸೆತ ಆಡಿದ್ದಾನೆ, ಬೌಲಿಂಗ್ ಶುರು ಮಾಡೋನು ಯಾರು. ಆ ತಂಡ ಎಲ್ಲಿಗೆ ಮುಟ್ಟುತ್ತೆ ಅನ್ನೋದು ಹೆಚ್ಚಿನ ಸಲ ಅಲ್ಲೇ ಬರೆದಿರುತ್ತೆ.